ಡ್ರೋಬೋ ಎಂಬ ಸಂಗ್ರಹಪೆಟ್ಟಿಗೆಯ ವೃತ್ತಾಂತ

ಹಿಂದಿನವರು ಮನೆಯ ಕಾಗದಪತ್ರಗಳನ್ನು ಸಂದೂಕದಲ್ಲಿಟ್ಟು ಬೀಗ ಹಾಕುತ್ತಿದ್ದರು. ಈಗಲಾದರೋ ಮದುವೆಯ ಚಿತ್ರಗಳೂ ಮಕ್ಕಳ ತೊದಲ್ನುಡಿಗಳೂ ಲೆಕ್ಕಪತ್ರಗಳೂ ಕಂಪ್ಯೂಟರಿನ ಡಿಸ್ಕುಗಳನ್ನು ಸೇರಿವೆ. ಡಿಸ್ಕು ಎಡೆಬಿಡದೆ ತಿರುಗುವ ಯಂತ್ರ. ಒಂದಲ್ಲ ಒಂದು ದಿನ ಕೆಡತಕ್ಕದ್ದೇ. ಈ ಭಯವನ್ನು ನೀಗುವುದಕ್ಕಾಗಿ ಹುಟ್ಟಿದ ಪೆಟ್ಟಿಗೆಯೊಂದರ ಕಥೆಯನ್ನು ವಾಚಕರ ಮುಂದಿಡುತ್ತೇವೆ. ಗೃಹಸ್ಥರು ಇದರಿಂದ ಕಲಿಯತಕ್ಕ ಪಾಠವೊಂದುಂಟು.

ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಜೆಫ್ ಬ್ಯಾರಲ್ ಎಂಬವರು 2005ರಲ್ಲಿ ಡೇಟಾ ರೋಬಾಟಿಕ್ಸ್ ಎಂಬ ಕಂಪೆನಿಯನ್ನು ಸ್ಥಾಪಿಸಿದರು. 2007ರಲ್ಲಿ ಅವರ ಮೊದಲನೆಯ ಡ್ರೋಬೋ ಮಾರಾಟಕ್ಕೆ ಬಂದಿತು. ಅದು ನಾಲ್ಕು ಡಿಸ್ಕುಗಳು ಹಿಡಿಯುವ ಕಪ್ಪು ಪೆಟ್ಟಿಗೆ. ಅದಕ್ಕೆ ಮುಂಚೆ ಹಲವು ಡಿಸ್ಕುಗಳನ್ನು ಒಂದಾಗಿ ಹೊಂದಿಸುವುದು ಬಲ್ಲವರ ಕೆಲಸವಾಗಿದ್ದಿತು. ಡಿಸ್ಕುಗಳ ಗಾತ್ರವೂ ಸಾಮಾನ್ಯವಾಗಿ ಸಮನಾಗಿರಬೇಕಾಗಿದ್ದಿತು. ಡ್ರೋಬೋವಿನಲ್ಲಿಯೋ ಸಣ್ಣದು ದೊಡ್ಡದು ಕೂಡಿಸಿಟ್ಟರೂ ನಡೆಯುತ್ತಿದ್ದಿತು. ಒಂದು ಡಿಸ್ಕು ಸತ್ತರೂ ಒಳಗಿನ ಸಂಗ್ರಹ ಉಳಿಯುತ್ತಿದ್ದಿತು. ಹಸಿರು ದೀಪವು ಕ್ಷೇಮವನ್ನೂ ಹಳದಿಯು ಸ್ಥಳ ತೀರುತ್ತಿರುವುದನ್ನೂ ಕೆಂಪು ಹೊಸ ಡಿಸ್ಕು ಬೇಕೆಂಬುದನ್ನೂ ಸೂಚಿಸುತ್ತಿದ್ದುವು. ಯಂತ್ರಶಾಸ್ತ್ರವನ್ನರಿಯದವರೂ ಇಷ್ಟನ್ನು ತಿಳಿಯಬಲ್ಲರಷ್ಟೆ.

ಮೊದಮೊದಲು ಪೆಟ್ಟಿಗೆಯು ತಂತಿಯ ಮೂಲಕ ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿದ್ದಿತು. 2008ರಲ್ಲಿ ಡ್ರೋಬೋಷೇರ್ ಎಂಬ ಉಪಕರಣವು ಅದನ್ನು ಮನೆಯ ಜಾಲಕ್ಕೆ ಸೇರಿಸಿತು. 2010ರ ಡ್ರೋಬೋ ಎಫ್‌ಎಸ್ ಐದು ಡಿಸ್ಕುಗಳನ್ನು ಹೊತ್ತು, ನೇರವಾಗಿ ಜಾಲಕ್ಕೆ ಕೂಡಿ, ಮನೆಮಂದಿಗೆಲ್ಲ ಒಂದೇ ಕಣಜವಾಯಿತು.

ಅನಂತರ ಕಂಪೆನಿಯು ಕೈಯಿಂದ ಕೈಗೆ ಸಾಗಿತು. 2013ರಲ್ಲಿ ಕನೆಕ್ಟೆಡ್ ಡೇಟಾ ಎಂಬುದರೊಡನೆ ಬೆರೆಯಿತು. 2018ರಲ್ಲಿ ಸ್ಟೋರ್‌ಸೆಂಟ್ರಿಕ್ ಎಂಬುದರ ಆಶ್ರಯ ಸೇರಿತು. ಈ ಸಂಸ್ಥೆಯು 2022ರ ಜೂನ್ ತಿಂಗಳಲ್ಲಿ ದಿವಾಳಿಯ ಕಾನೂನಿನ ರಕ್ಷಣೆಯನ್ನು ಬೇಡಿ, 2023ರ ಏಪ್ರಿಲಿನಲ್ಲಿ ಆಸ್ತಿಯನ್ನು ವಿಕ್ರಯಿಸಿ ಮುಚ್ಚುವ ಕ್ರಮಕ್ಕೆ ಒಳಗಾಯಿತು.

ಮರ್ಮವಿರುವುದು ಇಲ್ಲಿಯೇ. ಡ್ರೋಬೋ ಡಿಸ್ಕುಗಳ ಮೇಲೆ ಬರೆಯುತ್ತಿದ್ದ ಕ್ರಮವು ಆ ಕಂಪೆನಿಯ ಸ್ವಂತದ್ದು. ಡಿಸ್ಕನ್ನು ತೆಗೆದು ಕಂಪ್ಯೂಟರಿಗೆ ಹಚ್ಚಿದರೆ ಸುಮ್ಮನೆ ಓದಲು ಬಾರದು. ಡಿಸ್ಕುಗಳೆಲ್ಲ ಗಟ್ಟಿಯಾಗಿದ್ದು ಪೆಟ್ಟಿಗೆಯೇ ಕೆಟ್ಟರೆ, ಇನ್ನೊಂದು ಡ್ರೋಬೋವನ್ನು ಹುಡುಕಬೇಕು, ಇಲ್ಲವೇ ತಜ್ಞರ ಬಾಗಿಲನ್ನು ತಟ್ಟಬೇಕು. ಕಣಜ ತುಂಬಿದ್ದರೇನು, ಕೀಲಿಕೈ ಮಾಡುವವನೇ ಊರು ಬಿಟ್ಟ ಮೇಲೆ?

ಆದುದರಿಂದ ಇಂತಹ ಪೆಟ್ಟಿಗೆಯನ್ನು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಅದು ಡಿಸ್ಕಿನ ಸಾವನ್ನು ತಡೆದುಕೊಳ್ಳುತ್ತದೆಯೇ ಹೊರತು ಬೆಂಕಿಯನ್ನಾಗಲಿ, ಕಳ್ಳನನ್ನಾಗಲಿ, ಮಾಡಿದವನ ದಿವಾಳಿಯನ್ನಾಗಲಿ ತಡೆಯಲಾರದು. ಯಾವ ಕಂಪ್ಯೂಟರಾದರೂ ಓದಬಲ್ಲ ಇನ್ನೊಂದು ಪ್ರತಿಯನ್ನು ಬೇರೊಂದು ಮನೆಯಲ್ಲಿ ಇಟ್ಟಿರಬೇಕು. ವರ್ಷಕ್ಕೊಮ್ಮೆ ಅದನ್ನು ತೆರೆದು ನೋಡಬೇಕು. ಮಕ್ಕಳ ಚಿತ್ರಗಳು ಮೊಮ್ಮಕ್ಕಳ ಕೈಸೇರಬೇಕೆಂಬ ಆಸೆಯುಳ್ಳವರಿಗೆ ಇದು ದೊಡ್ಡ ಶ್ರಮವಲ್ಲ.