ಕೂಗು, ಕೂಗಾಟ ಮತ್ತು ಕ್ಲ್ಯಾಮರ್: ಬೇಡಿಕೆಯ ಸದ್ದನ್ನು ಅನುವಾದಿಸುವಾಗ

ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಹೆಸರಾಗಿದ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳು ಹೊಸಪೇಟೆಯೊಡನೆ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಇವುಗಳಲ್ಲಿ ಹರಪನಹಳ್ಳಿಯದು ಸುತ್ತುಬಳಸಿನ ದಾರಿ: 1997ರಲ್ಲಿ ದಾವಣಗೆರೆಗೆ ಸೇರಿ, ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಒತ್ತಾಯದ ಬಳಿಕ 2018ರಲ್ಲಿ ಬಳ್ಳಾರಿಗೆ ಮರಳಿತ್ತು. ಇಂತಹ ಬೇಡಿಕೆಗಳು ತೀವ್ರಗೊಂಡಾಗ ಇಂಗ್ಲಿಷ್ ಪತ್ರಿಕಾಭಾಷೆಗೆ ಒದಗುವ ಸಿದ್ಧಪದ ‘ಗ್ರೋಯಿಂಗ್ ಕ್ಲ್ಯಾಮರ್’. ಕನ್ನಡಕ್ಕೆ ಒದಗುವುದು ‘ಕೂಗು’. ಇವೆರಡನ್ನು ಸಮಾನಾರ್ಥಕಗಳೆಂದು ಬಗೆಯುವುದು ತಪ್ಪೆಂದು ನಾವು ವಾದಿಸುತ್ತೇವೆ.

ವ್ಯುತ್ಪತ್ತಿಯಲ್ಲಿ ಅಂತರವಿಲ್ಲ. ಕ್ಲ್ಯಾಮರ್ ಪದದ ಮೂಲದಲ್ಲಿರುವ ಲ್ಯಾಟಿನ್ ಧಾತುವಿಗೂ ಕೂಗುವುದೆಂದೇ ಅರ್ಥ. ಅಂತರವಿರುವುದು ಪ್ರಯೋಗದಲ್ಲಿ. ‘ನಮ್ಮ ಕೂಗಿಗೆ ಓಗೊಡಿ’ ಎಂದು ಬೇಡಿಕೆಯಿಡುವವರೇ ಹೇಳಬಲ್ಲರು. ಇಂಗ್ಲಿಷಿನಲ್ಲಿ ತಮ್ಮ ಬೇಡಿಕೆಯನ್ನು ತಾವೇ ಕ್ಲ್ಯಾಮರ್ ಎನ್ನುವವರು ವಿರಳ, ಅಂದರೂ ಅದರಲ್ಲಿ ವ್ಯಂಗ್ಯದ ಛಾಯೆಯಿರುತ್ತದೆ. ಅದು ಕೇಳಿಸಿಕೊಳ್ಳುವವನ, ಅದರಲ್ಲೂ ಕಿವಿ ನೊಂದವನ, ಪದ.

ವಾಕ್ಯರಚನೆಯೂ ಇದನ್ನು ಪುಷ್ಟೀಕರಿಸುತ್ತದೆ. ‘ಜಿಲ್ಲೆಯಾಗಲಿ ಎಂಬ ಕೂಗು’ ಎನ್ನುವಾಗ ‘ಎಂಬ’ದ ಹಿಂದೆ ಬೇಡಿಕೆ ತನ್ನ ವಿಧ್ಯರ್ಥಕ ಕ್ರಿಯಾಪದದೊಡನೆ, ಹೆಚ್ಚುಕಡಿಮೆ ಆಡಿದ ಮಾತಾಗಿಯೇ, ಉಳಿಯುತ್ತದೆ. ‘ಕ್ಲ್ಯಾಮರ್ ಫಾರ್’ ಎಂಬುದರ ಮುಂದೆ ಬರುವುದು ಬರಿಯ ನಾಮಪದ. ಮಾತು ಅಳಿದು ವಸ್ತು ಮತ್ತು ಸದ್ದು ಉಳಿಯುತ್ತವೆ. ಬೆಳವಣಿಗೆಯ ಕಲ್ಪನೆಯೂ ಬೇರೆ. ಕನ್ನಡದ ಕೂಗು ಏಳುತ್ತದೆ, ಕೇಳಿಬರುತ್ತದೆ, ಬಲಗೊಳ್ಳುತ್ತದೆ. ಅಲ್ಲಿ ಹೆಚ್ಚುವುದು ಸದ್ದಿಗಿಂತ ಮಿಗಿಲಾಗಿ ಬಲ.

ಹಾಗಾದರೆ ಕ್ಲ್ಯಾಮರ್‌ಗೆ ಕನ್ನಡದಲ್ಲಿ ಸಮೀಪದ ಪದ ಯಾವುದು? ‘ಗದ್ದಲ’ ಸದನದ ಕಲಾಪಕ್ಕೆ ಒಗ್ಗಿದೆ, ಬೇಡಿಕೆಯ ಸುಳಿವು ಅದರಲ್ಲಿಲ್ಲ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಹೊಂದುವುದು ‘ಕೂಗಾಟ’. ‘ಪ್ರತ್ಯೇಕ ಜಿಲ್ಲೆಯ ಕೂಗಾಟ’ ಎಂದರೆ ಹೂವಿನಹಡಗಲಿಯಲ್ಲಾಗಲಿ ಕೂಡ್ಲಿಗಿಯಲ್ಲಾಗಲಿ ಅದು ಅವಹೇಳನವೆನಿಸೀತು. ‘ಕಿರುಚಾಟ’, ‘ಅರಚಾಟ’ಗಳನ್ನು ಕಂಡು ಈ ಹೀನಾರ್ಥವನ್ನು ‘ಆಟ’ ಪ್ರತ್ಯಯಕ್ಕೇ ಆರೋಪಿಸುವ ಮನಸ್ಸಾಗುತ್ತದೆ; ಆದರೆ ‘ಹೋರಾಟ’ ಅದಕ್ಕೆ ಅಡ್ಡ ನಿಲ್ಲುತ್ತದೆ. ಪ್ರತ್ಯಯ ಕೊಡುವುದು ಪುನರಾವೃತ್ತಿಯನ್ನಷ್ಟೆ. ಸದ್ದಿನ ಧಾತುವಿಗೆ ಅದು ಸೇರಿದಾಗ ಹೇಳಿದ್ದು ಮರೆಯಾಗಿ, ಸದ್ದಿನ ಆವರ್ತನೆ ಮಾತ್ರ ಕೇಳಿಸುತ್ತದೆ.

ಆದ್ದರಿಂದ ಹರಪನಹಳ್ಳಿಯ ಕೂಗನ್ನು ಇಂಗ್ಲಿಷಿಗೆ ತರುವಾಗ ಕ್ಲ್ಯಾಮರ್ ಎಂದು ಬರೆಯುವ ಅನುವಾದಕ, ಮೂಲದಲ್ಲಿಲ್ಲದ ತೀರ್ಪೊಂದನ್ನು ದಾಖಲೆಗೆ ಸೇರಿಸಿರುತ್ತಾನೆ. ‘ಡಿಮ್ಯಾಂಡ್’ ಎಂದರೆ ದನಿ ಹೋಗುತ್ತದೆ. ನಾವು ಸದ್ಯಕ್ಕೆ ‘ಕಾಲ್’ ಎಂಬುದನ್ನು ಬಳಸುತ್ತಿದ್ದೇವೆ, ಹಲವು ಕಂಠಗಳ ಸೂಚನೆ ಅದರಲ್ಲಿ ಉಳಿಯುವುದಿಲ್ಲವೆಂದು ಬಲ್ಲೆವಾದರೂ.