ಫೋನ್ ಕೈಗೆತ್ತಿಕೊಂಡದ್ದು ಯಾತಕ್ಕೆ?

ಶಾಲೆಗೆ ಮೊಬೈಲ್ ತರಬಾರದು ಎಂದುಬಿಟ್ಟರೆ ಮಕ್ಕಳು ಮೊಬೈಲ್ ನೋಡುವುದು ಕಡಿಮೆಯಾಗುತ್ತದೆಯೇ? ಇಂಗ್ಲೆಂಡಿನ 30 ಶಾಲೆಗಳ 1,227 ವಿದ್ಯಾರ್ಥಿಗಳನ್ನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿ, 2025ರಲ್ಲಿ ವರದಿ ಪ್ರಕಟಿಸಿದರು. ನಿರ್ಬಂಧವಿದ್ದ ಕಡೆ ಶಾಲೆಯ ಹೊತ್ತಿನ ಬಳಕೆಯೇನೋ ಇಳಿದಿತ್ತು. ಆದರೆ ಇಡೀ ದಿನದ ಲೆಕ್ಕ ಹಾಕಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಮನಸ್ಸಿನ ನೆಮ್ಮದಿಯಲ್ಲೂ ಅಷ್ಟೇ. ಯಾವ ಶಾಲೆಯವರೇ ಆಗಲಿ, ಹೆಚ್ಚು ಹೊತ್ತು ಫೋನ್ ಹಿಡಿಯುವ ಮಕ್ಕಳಲ್ಲಿ ನೆಮ್ಮದಿಯೂ ಕಡಿಮೆ, ನಿದ್ದೆಯೂ ಕಡಿಮೆ. ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಆ ಅಧ್ಯಯನ ಬಿಡಿಸಿ ಹೇಳುವುದಿಲ್ಲ.

ಹಾಗೆಂದು ನಿಷೇಧವೇ ಬೇಡ ಎನ್ನಲಾಗದು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ, ಫೋನನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು ಬಂದವರು ಅದನ್ನು ಮೇಜಿನ ಮೇಲೆ ಮಗುಚಿಟ್ಟವರಿಗಿಂತ ನೆನಪಿನ ಪರೀಕ್ಷೆಯಲ್ಲಿ ಮುಂದಿದ್ದರು. ಯಾರ ಫೋನೂ ಸದ್ದು ಮಾಡಿರಲಿಲ್ಲ. ಮುಟ್ಟಬಾರದು ಎಂದು ತಡೆದುಕೊಳ್ಳುವುದಕ್ಕೇ ಮನಸ್ಸಿನ ಒಂದು ಪಾಲು ಖರ್ಚಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ನಂತರದ ಪ್ರಯೋಗಗಳಲ್ಲೆಲ್ಲ ಇದೇ ಫಲಿತಾಂಶ ಬಂದಿಲ್ಲ, ನಿಜ. ಆದರೂ ಪಾಠದ ಹೊತ್ತಿನಲ್ಲಿ ಫೋನ್ ದೂರವಿರುವುದೇ ಲೇಸು.

ಸಮಸ್ಯೆ ಇರುವುದು ಕೊನೆಯ ಗಂಟೆ ಬಾರಿಸಿದ ಮೇಲೆ. ನಮ್ಮ ಎಷ್ಟೋ ಶಾಲೆಗಳ ಹೋಂವರ್ಕ್ ಬರುವುದೇ ವಾಟ್ಸಾಪ್ ಗುಂಪಿಗೆ. ಗಣಿತದ ಯಾವ ಲೆಕ್ಕ ಮಾಡಬೇಕೆಂದು ನೋಡಲು ಹುಡುಗಿ ಅಮ್ಮನ ಫೋನ್ ತೆಗೆಯುತ್ತಾಳೆ. ಅಷ್ಟರಲ್ಲಿ ಗೆಳತಿ ಕಳಿಸಿದ ರೀಲ್ಸ್ ಕಣ್ಣಿಗೆ ಬೀಳುತ್ತದೆ. ಒಂದು ಸಪ್ಪೆ, ಮುಂದಿನದೂ ಸಪ್ಪೆ, ಅದರ ಮುಂದಿನದು ನಗು ತರಿಸುತ್ತದೆ. ಬಹುಮಾನ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದಾಗಲೇ ಪ್ರಾಣಿಗಳು ಪ್ರಯತ್ನವನ್ನು ಪಟ್ಟುಬಿಡದೆ ಮುಂದುವರಿಸುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ತೋರಿಸಿದ್ದರು. ಬೆರಳು ಮೇಲೆ ಸರಿಸುತ್ತಲೇ ಇರುವುದರ ಹಿಂದಿನ ಗುಟ್ಟೂ ಅದೇ. ಮುಕ್ಕಾಲು ಗಂಟೆ ಕಳೆದರೂ ಲೆಕ್ಕ ಯಾವುದೆಂದು ಅವಳು ನೋಡಿರುವುದಿಲ್ಲ. ಇದು ಅವಳ ಸೋಮಾರಿತನವಲ್ಲ. ಬೈದರೆ ಅವಳು ಫೋನ್ ಬಚ್ಚಿಟ್ಟು ನೋಡುವುದನ್ನು ಕಲಿಯುತ್ತಾಳೆ, ಅಷ್ಟೇ.

ಗ್ರಾಮೀಣ ಭಾರತದ 14ರಿಂದ 16 ವರ್ಷದವರನ್ನು ಮಾತಾಡಿಸಿದ 2024ರ ಅಸರ್ ಸಮೀಕ್ಷೆಯೂ ಇದಕ್ಕೆ ಹೊಂದುತ್ತದೆ. ಫೋನ್ ಬಳಸಲು ಗೊತ್ತಿರುವವರ ಪೈಕಿ ಹಿಂದಿನ ವಾರ ಕಲಿಕೆಗೆ ಸ್ಮಾರ್ಟ್‌ಫೋನ್ ಬಳಸಿದವರು ಸುಮಾರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಸುಮಾರು ಶೇ. 76.

ನನಗೆ ತೋಚುವ ದಾರಿ, ತಮ್ಮ ಬಳಕೆಯನ್ನು ಮಕ್ಕಳೇ ಗಮನಿಸುವಂತೆ ಮಾಡುವುದು. ವಿಜ್ಞಾನದ ತರಗತಿಯಲ್ಲಿ ಮಳೆಯ ಪ್ರಮಾಣ ಬರೆದಿಡುವಂತೆ ಇದನ್ನೂ ಒಂದು ವಾರ ಬರೆದಿಡಲಿ: ಫೋನ್ ತೆಗೆದದ್ದು ಯಾತಕ್ಕೆ, ಮಾಡಿದ್ದೇನು, ಕೆಳಗಿಟ್ಟಾಗ ಹೇಗನ್ನಿಸಿತು. ದಿನಕ್ಕೆ ಎಷ್ಟು ಸಲ ಲಾಕ್ ತೆಗೆದಿದ್ದೇವೆಂದು ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಅದನ್ನು ತಮ್ಮ ಅಂದಾಜಿನೊಂದಿಗೆ ಹೋಲಿಸಿ ನೋಡಲಿ. ಇದಕ್ಕೆ ಅಂಕ ಕೊಡಬಾರದು, ಪುಸ್ತಕವನ್ನು ಮನೆಯವರಿಗೆ ತೋರಿಸಲೂಬಾರದು. ಕೊಟ್ಟರೆ, ತೋರಿಸಿದರೆ ಮಕ್ಕಳು ನಿಜ ಬರೆಯುವುದಿಲ್ಲ. ಶಿಕ್ಷಕರೂ ಅದೇ ವಾರ ತಮ್ಮದನ್ನು ಬರೆದು ತರಗತಿಯಲ್ಲಿ ಓದಬೇಕು. ಫೋನ್ ಬಿಡಲಾಗದ ಮಟ್ಟಕ್ಕೆ ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ.

ಇನ್ನು ಹೋಂವರ್ಕನ್ನು ಮೊದಲಿನಂತೆ ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳು ಡೈರಿಯಲ್ಲಿ ಇಳಿಸಿಕೊಂಡ ಮೇಲೆಯೇ ಮನೆಗೆ ಬಿಡುವ ಏರ್ಪಾಡನ್ನು ಶಾಲೆಗಳು ನಾಳೆಯಿಂದಲೇ ಮಾಡಬಹುದು.