ಹೃದಯದ ವ್ಯಾಧಿಯೂ ಮೈಸೂರಿನ ದಾರಿಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಮೈಸೂರು ನಗರದ ಪಡುವಣಕ್ಕೆ ಅರ್ಧಚಂದ್ರಾಕಾರವಾಗಿ ಹರಡಿಕೊಂಡಿವೆ. ಒಂದು ಕಡೆ ಕಾವೇರಿಯ ನಾಲೆಗಳ ಕೆಳಗಿನ ಬತ್ತದ ಗದ್ದೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಹೊಲಗಳೂ ಆ ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳೂ, ಮತ್ತೊಂದು ಕಡೆ ಕಬಿನಿಯ ಹಿನ್ನೀರು ಮತ್ತು ಕಾಡಂಚಿನ ಹಾಡಿಗಳು; ಹೀಗೆ ಬೆಳೆಯೂ ಬಾಳುವೆಯೂ ಬೇರೆಬೇರೆಯಾಗಿದ್ದರೂ, ಎದೆನೋವು ಕಾಣಿಸಿಕೊಂಡಾಗ ನಾಲ್ಕು ಕಡೆಯವರೂ ಹಿಡಿಯುವುದು ಮೈಸೂರಿನ ದಾರಿಯನ್ನೇ. ಕೃಷ್ಣರಾಜನಗರದಿಂದ ಅದು ಸುಮಾರು 40 ಕಿಲೋಮೀಟರು, ಹುಣಸೂರಿನಿಂದ 45, ಹೆಗ್ಗಡದೇವನಕೋಟೆಯಿಂದ 50ಕ್ಕೆ ಮೇಲೆ, ಪಿರಿಯಾಪಟ್ಟಣದಿಂದ 70ರ ಸಮೀಪ. ಹೃದ್ರೋಗವಿಜ್ಞಾನವು ಒಂದು ಶತಮಾನಕಾಲ ದುಡಿದು ಸಂಪಾದಿಸಿದ ಜ್ಞಾನವು ಹಳ್ಳಿಯ ರೋಗಿಗೆ ದಕ್ಕುವುದೋ, ದಕ್ಕದೆ ಹೋಗುವುದೋ ಎಂಬುದು ಬಹುಮಟ್ಟಿಗೆ ನಿರ್ಣಯವಾಗುವುದು ಈ ದಾರಿಯಲ್ಲಿ ಸಲ್ಲುವ ಗಂಟೆಗಳಲ್ಲಿಯೇ.

ಶರೀರಕ್ಕೆಲ್ಲ ರಕ್ತವನ್ನು ಹಂಚುವ ಹೃದಯವು, ತನ್ನ ಕೋಣೆಗಳಲ್ಲಿ ಸದಾ ತುಂಬಿ ಹರಿಯುವ ರಕ್ತದಿಂದಲೇ ತನ್ನ ಮಾಂಸಖಂಡವನ್ನು ಪೋಷಿಸಿಕೊಳ್ಳಲಾರದು; ಅದಕ್ಕೂ ಮಹಾಧಮನಿಯ ಬುಡದಲ್ಲಿ ಹುಟ್ಟಿ ಹೃದಯದ ಮೈಮೇಲೆ ಕವಲೊಡೆಯುವ ಪರಿಧಮನಿಗಳೇ ಆಧಾರ. ಈ ಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನಂಶವು ವರ್ಷಗಟ್ಟಲೆ ಶೇಖರವಾಗುತ್ತ ಬರುವುದೇ ಪರಿಧಮನಿಯ ರೋಗ. ನಾಲೆಯಲ್ಲಿ ಹೂಳು ತುಂಬಿದಾಗ ಕಡೆಯ ಗದ್ದೆ ಮೊದಲು ಒಣಗುವಂತೆ, ಏರು ಹತ್ತುವಾಗಲೋ ಹೊರೆ ಹೊತ್ತಾಗಲೋ ರಕ್ತ ಸಾಲದೆ ಎದೆಯಲ್ಲಿ ನೋವು ಹುಟ್ಟುತ್ತದೆ, ನಿಂತರೆ ಶಮನವಾಗುತ್ತದೆ. ಒಂದು ದಿನ ಆ ಕೊಬ್ಬಿನ ಪೊರೆ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಧಮನಿ ಪೂರ್ಣವಾಗಿ ಮುಚ್ಚಿಕೊಂಡರೆ, ಅದೇ ಹೃದಯಾಘಾತ. ದಶಕಗಳ ಕಾಲ ಸದ್ದಿಲ್ಲದೆ ಬೆಳೆದ ವ್ಯಾಧಿಯು ಕೆಲವೇ ಗಂಟೆಗಳಲ್ಲಿ ತೀರ್ಮಾನಕ್ಕೆ ಬಂದುಬಿಡುತ್ತದೆ. ಆದಕಾರಣ ಇದರ ಸಂಶೋಧನೆಯೂ ಎರಡು ಕವಲಾಗಿ ನಡೆದಿದೆ: ಆ ದೀರ್ಘ ಬೆಳವಣಿಗೆಯ ಬೇರನ್ನು ಹುಡುಕುವುದೊಂದು, ಆ ಕೆಲವು ಗಂಟೆಗಳನ್ನು ಗೆಲ್ಲುವುದಿನ್ನೊಂದು.

ಬೇರನ್ನು ಹುಡುಕುವ ಕೆಲಸದಲ್ಲಿ ಮೈಸೂರಿಗೆ ಲೋಕಪ್ರಸಿದ್ಧವಾದ ಒಂದು ಪಾಲುಂಟು. ಮಂಡಿ ಮೊಹಲ್ಲದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಹಾಗೆ ಬರೆದವರಾರೂ ಅದರಿಂದ ಹೃದ್ರೋಗದ ರಹಸ್ಯ ಹೊರಬಿದ್ದೀತೆಂದು ಎಣಿಸಿರಲಾರರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರು ಮೈಸೂರಿನ ವೈದ್ಯರೊಡಗೂಡಿ, 1934ರಿಂದ 1954ರವರೆಗೆ ಅಲ್ಲಿ ಜನಿಸಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಮತ್ತೆ ಪತ್ತೆಹಚ್ಚಿ ಪರೀಕ್ಷಿಸಿ, ಅದರ ಫಲವನ್ನು 1996ರಲ್ಲಿ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋಗ್ರಾಮು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಪರಿಧಮನಿಯ ರೋಗವಿತ್ತು, 3.1 ಕಿಲೋಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಶಿಶುವಿನೊಡನೆ ತಾಯಿಯೂ ಬಡಕಲಾಗಿದ್ದ ಕಡೆ ರೋಗದ ಪ್ರಮಾಣ ಎಲ್ಲಕ್ಕಿಂತ ಅಧಿಕವಾಗಿತ್ತು. ಬಸುರಿಯ ಹಸಿವು ಅವಳ ಮಗುವಿನ ಹೃದಯವನ್ನು ಅರ್ಧ ಶತಮಾನದ ತರುವಾಯ ಬಾಧಿಸಬಲ್ಲದೆಂಬ ಈ ಸಂಗತಿಯನ್ನು, ಹೃದ್ರೋಗವೆಂದರೆ ಉಂಡು ಕೊಬ್ಬಿದವರ ಕಾಯಿಲೆಯೆಂದು ತಿಳಿದವರೆಲ್ಲರೂ ಮನನಮಾಡತಕ್ಕದ್ದು.

ಗರ್ಭದಲ್ಲಿ ಬಿದ್ದ ಬೀಜಕ್ಕೆ ಮುಂದೆ ಗೊಬ್ಬರವಾಗುವ ಕಾರಣಗಳನ್ನು, 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಸಂಶೋಧನೆ ಸ್ಪಷ್ಟಪಡಿಸಿತು: ಧೂಮಪಾನ, ರಕ್ತದ ಕೊಬ್ಬಿನ ವೈಪರೀತ್ಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಕ್ಲೇಶ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ ಮುಂತಾದ ಒಂಬತ್ತು ಕಾರಣಗಳಿಂದಲೇ ಹೃದಯಾಘಾತಗಳಲ್ಲಿ ಬಹುಪಾಲು ಸಂಭವಿಸುತ್ತವೆ. ಇವುಗಳಲ್ಲಿ ಧೂಮಪಾನದ ಮಾತೆತ್ತಿದರೆ, ಹುಣಸೂರು ಪಿರಿಯಾಪಟ್ಟಣಗಳ ರೈತನಿಗೆ ಹೊಗೆಸೊಪ್ಪೇ ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲದ ತೀರುವಳಿ. ಆ ಬೆಳೆಯನ್ನು ಬಿಡೆಂದು ಪಟ್ಟಣದಲ್ಲಿ ಕುಳಿತು ಬೋಧಿಸುವುದು ಸುಲಭ. ಆದರೆ ಹರಾಜುಕಟ್ಟೆಗೆ ಹೋಗುವ ಸೊಪ್ಪು ಸಿಗರೇಟಿನ ರೂಪದಲ್ಲಿ ಬೆಳೆದವನ ಬಾಯಿಗೂ ಬರಬೇಕೆಂಬ ನಿಯಮವೇನೂ ಇಲ್ಲ.

ಇನ್ನು ಕವಾಟಗಳ ವಿಷಯ. ರಕ್ತವು ಹಿಂದಕ್ಕೆ ಹರಿಯದಂತೆ ಹೃದಯದಲ್ಲಿ ನಾಲ್ಕು ಕವಾಟಗಳುಂಟು. ಪರಿಧಮನಿಯ ರೋಗವು ನಡುವಯಸ್ಸಿನವರನ್ನು ಹಿಡಿದರೆ, ಕವಾಟದ ರೋಗವು ನಮ್ಮ ಬಡವರ ಮಕ್ಕಳನ್ನು ಹಿಡಿಯುತ್ತದೆ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲುನೋವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣು ಕಾರಣ. ಅದರ ವಿರುದ್ಧ ಶರೀರವು ಸಜ್ಜುಗೊಳಿಸಿದ ಪ್ರತಿರೋಧಶಕ್ತಿಯು ಕೆಲವು ಮಕ್ಕಳಲ್ಲಿ ದಿಕ್ಕುತಪ್ಪಿ ತನ್ನದೇ ಹೃದಯದ ಮೇಲೆ ಎರಗುವುದೇ ರುಮ್ಯಾಟಿಕ್ ಜ್ವರ. ಕೀಲುಗಳ ಬಾವು ಕೆಲವು ದಿನಗಳಲ್ಲಿ ಇಳಿಯುತ್ತದೆ. ಕವಾಟಕ್ಕೆ ತಗುಲಿದ ಗಾಯ ಉಳಿಯುತ್ತದೆ. ಮೂರು ವಾರಕ್ಕೊಮ್ಮೆ ತಪ್ಪದೆ ಕೊಡುವ ಅಗ್ಗದ ಪೆನಿಸಿಲಿನ್ ಚುಚ್ಚುಮದ್ದು ಮುಂದಿನ ಹಾನಿಯನ್ನು ತಡೆಯಬಲ್ಲದು. ಅದು ದೊರೆಯದಿದ್ದಲ್ಲಿ ಎಡಗಡೆಯ ಮಿಟ್ರಲ್ ಕವಾಟವು ವರ್ಷಾಂತರದಲ್ಲಿ ಬಿಗಿದು ಕಿರಿದಾಗುತ್ತದೆ, ಎಷ್ಟೋ ವೇಳೆ ಹೆಣ್ಣುಮಗಳು ಗರ್ಭಿಣಿಯಾಗಿ ಉಸಿರಾಡಲಾರದೆ ಬಳಲಿದಾಗಲೇ ರೋಗ ಬೆಳಕಿಗೆ ಬರುತ್ತದೆ.

ಶಬ್ದತರಂಗಗಳಿಂದ ಹೃದಯದ ಚಲನವನ್ನು ಕಾಣಿಸುವ ಎಕೊ ಪರೀಕ್ಷೆಯನ್ನು 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಆರಂಭಿಸಿದ ಮೇಲೆ, ಕವಾಟದ ದೋಷವನ್ನು ಎದೆ ತೆರೆಯದೆ ಅರಿಯುವುದು ಸಾಧ್ಯವಾಯಿತು. ಎದೆ ತೆರೆಯದೆ ಅದನ್ನು ಸರಿಪಡಿಸುವ ಉಪಾಯವನ್ನು ಜಪಾನಿನ ಕಾಂಜಿ ಇನೌಯೆ 1980ರ ದಶಕದಲ್ಲಿ ತೋರಿದರು: ತೊಡೆಯ ರಕ್ತನಾಳದ ಮೂಲಕ ಪುಟ್ಟ ಬಲೂನನ್ನು ಸಾಗಿಸಿ, ಕವಾಟದಲ್ಲಿ ಉಬ್ಬಿಸಿ, ಬೆಸೆದುಕೊಂಡ ದಳಗಳನ್ನು ಬಿಡಿಸುವ ಕ್ರಮ. ಈ ಚಿಕಿತ್ಸೆಯನ್ನು ಬಡರೋಗಿಗಳಿಗೆ ಬಹುಸಂಖ್ಯೆಯಲ್ಲಿ ನೀಡಿ ಹೆಸರಾದದ್ದು ಡಾ. ಸಿ. ಎನ್. ಮಂಜುನಾಥ್ ಅವರು ಬಹುಕಾಲ ನಡೆಸಿದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ಕವಾಟವನ್ನೇ ಬದಲಿಸಬೇಕಾದವರಿಗೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡು 1990ರಲ್ಲಿ ಮೊದಲು ಮನುಷ್ಯನಿಗೆ ಅಳವಡಿಸಲ್ಪಟ್ಟ ಚಿತ್ರಾ ಕವಾಟವು, ವಿದೇಶದ ಕವಾಟಗಳ ಬೆಲೆಯನ್ನು ತೆರಲಾರದವರ ಪ್ರಾಣವನ್ನುಳಿಸಿತು.

ಹೃದಯಾಘಾತದ ಗಂಟೆಗಳಿಗೆ ಹಿಂದಿರುಗೋಣ. 1977ರಲ್ಲಿ ಜೂರಿಕ್ಕಿನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಪರಿಧಮನಿಯನ್ನು ತೆರೆದು ತೋರಿಸಿದ್ದು ಯುಗಪ್ರವರ್ತಕವಾದ ಕಾರ್ಯವೇ ಸರಿ. ಆದರೆ ಹಳ್ಳಿಗೆ ಹೆಚ್ಚು ಸಮೀಪವಾದ ಸಂಶೋಧನೆ 1988ರದು. ಹದಿನೇಳು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳಲ್ಲಿ ನಡೆದ ಐಸಿಸ್-2 ಪ್ರಯೋಗವು, ಆಸ್ಪಿರಿನ್ ಮಾತ್ರೆಯನ್ನೂ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಚುಚ್ಚುಮದ್ದನ್ನೂ ಜೊತೆಯಾಗಿ ಕೊಟ್ಟಲ್ಲಿ ಮರಣವು ನೂರಕ್ಕೆ 42ರಷ್ಟು ತಗ್ಗುವುದೆಂದು ಸಾಬೀತುಪಡಿಸಿತು. ಹೊತ್ತು ಕಳೆದಂತೆ ಔಷಧದ ಗುಣವೂ ಕಳೆಯುತ್ತದೆ. ನಮ್ಮ ದೇಶದಲ್ಲಿ ಆ ಹೊತ್ತು ಎಷ್ಟೆಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತವರ ಸಹೋದ್ಯೋಗಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವೃತ್ತಾಂತವನ್ನು ಕಲೆಹಾಕಿ 2008ರಲ್ಲಿ ತಿಳಿಸಿದರು: ಅರ್ಧದಷ್ಟು ಜನ ಆಸ್ಪತ್ರೆ ಸೇರುವಷ್ಟರಲ್ಲಿ ಆರು ಗಂಟೆ ಮೀರಿಹೋಗಿರುತ್ತಿತ್ತು. ಮೂವತ್ತು ದಿನಗಳೊಳಗೆ ಸತ್ತವರು ಬಡವರಲ್ಲಿ ನೂರಕ್ಕೆ 8.2, ಧನಿಕರಲ್ಲಿ 5.5, ದೊರೆತ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದೊಡನೆ ಈ ಅಂತರ ಅಳಿಸಿಹೋಯಿತು. ಅಂದರೆ ಬಡವನ ಹೃದಯದಲ್ಲಿ ವಿಶೇಷ ದೌರ್ಬಲ್ಯವೇನೂ ಇರಲಿಲ್ಲ. ಅವನಿಗೆ ಔಷಧ ದೊರೆತಿರಲಿಲ್ಲ, ಅಷ್ಟೆ.

ಈ ಅರಿವು ನಮ್ಮ ಸೀಮೆಯಲ್ಲಿ ಕಾರ್ಯರೂಪಕ್ಕೆ ಬರುತ್ತಿರುವುದು ಸಂತೋಷದ ಸಂಗತಿ. ಜಯದೇವ ಸಂಸ್ಥೆಯ ಶಾಖೆಯು 2018ರಿಂದ ಮೈಸೂರಿನ ಕೆ. ಆರ್. ಎಸ್. ರಸ್ತೆಯಲ್ಲಿ ತನ್ನದೇ ಕಟ್ಟಡದಲ್ಲಿ ನಡೆಯುತ್ತಿದೆ. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ಸಾರವಿಷ್ಟು: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗತಜ್ಞರು ಆಗಿಂದಾಗಲೇ ನೋಡಿ, ಹೃದಯಾಘಾತ ನಿಶ್ಚಯವಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವುದು. ರಕ್ತಸ್ರಾವದ ಭಯವಿರುವ ಕೆಲವರಿಗೆ ಇದು ಸಲ್ಲದು. ಅದನ್ನು ಪಡೆದವರೂ ಅನಂತರ ಆಂಜಿಯೋಗ್ರಾಮಿಗಾಗಿ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಪ್ರಯಾಣದ ಮೊದಲೇ ಚಿಕಿತ್ಸೆ ಆರಂಭವಾಗಿರುತ್ತದೆಂಬುದು ಸಾಮಾನ್ಯ ಲಾಭವಲ್ಲ.

ಇಷ್ಟಾಗಿಯೂ ಯಾವ ಯೋಜನೆಯೂ ನೀಗಿಸಲಾರದ ವಿಳಂಬವೊಂದುಂಟು, ಅದು ಮನೆಯೊಳಗಿನದು. ಎದೆ ಹಿಡಿದಂತಾದರೆ ಗ್ಯಾಸೆಂದು ಸೋಡ ಕುಡಿಸುವುದು, ಬೆಳಗಾಗಲೆಂದು ಕಾಯುವುದು, ಹೆಂಗಸಾದರೆ ಆಯಾಸವೆಂದು ಮಲಗಿಸುವುದು ನಮ್ಮಲ್ಲಿ ವಾಡಿಕೆ. ವಾಚಕರಲ್ಲಿ ವಿಜ್ಞಾಪಿಸಿಕೊಳ್ಳುವುದಿಷ್ಟೆ: ಎದೆಯ ನಡುವೆ ಒತ್ತಿದಂಥ ನೋವು, ಎಡದೋಳಿಗೋ ದವಡೆಗೋ ಹರಿಯುವ ಸೆಳೆತ, ಕಾರಣವಿಲ್ಲದ ಬೆವರು, ಇವುಗಳಲ್ಲಿ ಯಾವುದು ಕಂಡರೂ, ಹಗಲಾಗಲಿ ಇರುಳಾಗಲಿ, ತಡಮಾಡದೆ 108ಕ್ಕೆ ಕರೆಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ತೆಗೆಸಿರಿ.